ಹಳೆಯ ಹೆಸರು ಬಳಸುವವನು

ಅರಭಾವಿ ಕಡೆಯ ನರ್ಸರಿಯೊಂದರ ಮಾಲಿ ಮೂಡಲಗಿಯ ನನ್ನ ಕಂಪ್ಯೂಟರ್ ಅಂಗಡಿಗೆ ಬಂದು, ನಾನು ಅಚ್ಚು ಹಾಕಿಕೊಟ್ಟಿದ್ದ ಲೇಬಲ್‌ಗಳ ಕಟ್ಟನ್ನು ಮೇಜಿನ ಮೇಲೆ ಎಸೆದ.

"ಏನ್ರಿ ಸರ, ಸಸಿ ಹೆಸರೆಲ್ಲಾ ಅರ್ಧಕ್ಕ ಕಟ್ ಆಗ್ಯಾವಲ್ರಿ! ಯಾವ ಮಾವು ಯಾವುದಂತ ಮಂದಿಗೆ ಹೆಂಗ ಹೇಳಾಕ ಬರತೈತಿ?"

ಹಿಂದಿನ ವಾರದವರೆಗೆ ಎಲ್ಲ ಸರಿಯಿತ್ತು. ನಡುವೆ ನಾನು ಮಾಡಿದ್ದು ಒಂದೇ ಕೆಲಸ. ಲೇಬಲ್ ಹೊಂದಿಸಲು ಬಳಸುತ್ತಿದ್ದ, ಯಾರು ಬೇಕಾದರೂ ತಿದ್ದಿ ಕಳಿಸಬಹುದಾದ ಮುಕ್ತ ತಂತ್ರಾಂಶದ ಹೊಸ ಆವೃತ್ತಿ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಸಿಡಿಯಲ್ಲಿ ಬಂದಿತ್ತು, ಅದನ್ನು ಹಾಕಿಕೊಂಡಿದ್ದೆ.

ಮೂರು ದಿನ ತಲೆ ಚಚ್ಚಿಕೊಂಡೆ. ನನ್ನ ಪ್ರೋಗ್ರಾಂ ಸಾಲಿನ ಅಗಲವನ್ನು ಒಂದು ವೇರಿಯಬಲ್‌ನಲ್ಲಿ, ಅಂದರೆ ಹೆಸರು ಬರೆದ ಡಬ್ಬಿಯಂಥದರಲ್ಲಿ, ಇಟ್ಟು, ಆಮೇಲೆ ತಂತ್ರಾಂಶದ ಒಂದು ಭಾಗವನ್ನು ಕರೆಯುತ್ತಿತ್ತು. ಕರೆದವರು ಆ ಹೆಸರಿನಲ್ಲಿ ಏನಿಟ್ಟಿದ್ದಾರೋ ಅದನ್ನೇ ಆ ಭಾಗ ಎತ್ತಿಕೊಳ್ಳುತ್ತಿತ್ತು. ಹೊಸ ಆವೃತ್ತಿಯಲ್ಲಿ ಯಾರೋ ಪುಣ್ಯಾತ್ಮ, ಚಂದ ಕಾಣಲೆಂದು, ಆ ಹೆಸರನ್ನೇ ಬದಲಿಸಿದ್ದ. ನಾನಿಟ್ಟ ಅಗಲ ಹಳೆಯ ಹೆಸರಿನಲ್ಲೇ ಬಿದ್ದಿತ್ತು. ಅದು ಸಿಗದೆ ತಂತ್ರಾಂಶ ಕಾಗದದ ಪೂರ್ತಿ ಅಗಲ ಹಿಡಿದು ಅಚ್ಚು ಹಾಕುತ್ತಿತ್ತು, ಲೇಬಲ್‌ನ ಅಂಚು ದಾಟಿದ ಅಕ್ಷರಗಳು ಕತ್ತರಿಸಿ ಹೋಗುತ್ತಿದ್ದವು. ತಪ್ಪಾಗಿದೆ ಎಂದು ಒಂದಕ್ಷರ ಹೇಳಲಿಲ್ಲ. ಎಲ್ಲಾದರೂ ಕೆಟ್ಟು ನಿಂತಿದ್ದರೆ ನನಗಿಷ್ಟು ಸಿಟ್ಟು ಬರುತ್ತಿರಲಿಲ್ಲ.

ಬಸ್ಸು ಹತ್ತಿ ಗೋಕಾಕಕ್ಕೆ ಹೋಗಿ, ನೆಟ್ ಅಂಗಡಿಯಲ್ಲಿ ಕೂತು, ಆ ತಂತ್ರಾಂಶ ಬರೆಯುವವರಿಗೆ ಇ-ಮೇಲ್ ಮಾಡಿದೆ. ಮರುದಿನ ಮತ್ತೆ ಹೋದಾಗ ಉತ್ತರ ಬಂದಿತ್ತು: ನಮ್ಮ ಕೋಡ್ ಪೂರ್ತಿ ಹುಡುಕಿದ್ದೇವೆ, ಹಳೆಯ ಹೆಸರನ್ನು ಯಾರೂ ಬಳಸುತ್ತಿಲ್ಲ.

ಯಾರೂ! ಮೈಯೆಲ್ಲ ಉರಿದುಹೋಯಿತು. ಹಳೆಯ ಹೆಸರೂ ನಡೆಯುವಂತೆ ಎರಡು ಸಾಲಿನ ತಿದ್ದುಪಡಿ ಬರೆದು ಅಲ್ಲಿಂದಲೇ ಕಳಿಸಿದೆ. ಕಾರಣ ಹೇಳಬೇಕಾದ ಜಾಗದಲ್ಲಿ ಇಷ್ಟೇ ಬರೆದೆ: "ಮೂಡಲಗಿಯಲ್ಲಿ ಒಬ್ಬ ಬಳಸುತ್ತಾನೆ."