ಮೂರು ಗೀಟು, ಒಂದು ಚುಕ್ಕೆ

ಆಯುಧಪೂಜೆ ಬಂತೆಂದರೆ ಶಂಕರಪುರದ ಮೂಲೆಯಲ್ಲಿರುವ ಧರ್ಮರಾಜುವಿನ ತರಕಾರಿ ಗಾಡಿಯ ಮುಂದೆ ಬೂದುಗುಂಬಳದ ರಾಶಿ ಎದೆಮಟ್ಟಕ್ಕೆ ಏಳುತ್ತದೆ. ಆಟೋದವರು, ಕಾರಿನವರು, ಬೇಕರಿಯವರು, ಎಲ್ಲರೂ ಅವನ ಹತ್ತಿರವೇ ತಟ್ಟಿ ನೋಡಿ ಕಾಯಿ ಆರಿಸಿಕೊಂಡು ಹೋಗುತ್ತಾರೆ. ಸುತ್ತಲ ನಾಲ್ಕು ಬೀದಿಯ ಗಾಡಿಗಳ ದೃಷ್ಟಿಯೆಲ್ಲ ಇಳಿಯುವುದು ಅವನ ಕಾಯಿಯಿಂದಲೇ. ಆದರೆ ಅವನದೇ ಸ್ಕೂಟರಿಗೆ ಆರು ವರ್ಷದಿಂದ ಒಂದು ಕಾಯೂ ಒಡೆದಿರಲಿಲ್ಲ. ಹಠ ಸ್ವಾಮಿ, ಹಠ! ಅದೇನು ಅಂಥಿಂಥ ಹಠವಲ್ಲ.

ಆ ಸ್ಕೂಟರು ಅವನ ಅಪ್ಪನದು. ಮೂವತ್ತೈದು ವರ್ಷ ದಾಟಿದ ಮುದಿ ಗಾಡಿ, ಬೆಳಿಗ್ಗೆ ಓರೆ ಮಾಡಿ ಹಿಡಿದು ನಾಲ್ಕು ಒದೆ ಕೊಟ್ಟರೆ ಮಾತ್ರ ಏಳುವಂಥದ್ದು. ಮಾರ್ಕೆಟ್ಟಿನಲ್ಲಿ ಮೂಟೆಗಳು ಅದಲುಬದಲಾಗದಿರಲಿ ಎಂದು ತರಕಾರಿಯವರು ಒಬ್ಬೊಬ್ಬರು ಒಂದೊಂದು ಗುರುತು ಹಾಕಿಕೊಳ್ಳುತ್ತಾರೆ. ಅಪ್ಪನ ಗುರುತು ಮೂರು ಗೀಟು, ಒಂದು ಚುಕ್ಕೆ. ಆ ಪುಣ್ಯಾತ್ಮ ಮೂಟೆಗಷ್ಟೇ ಹಾಕಿ ಸುಮ್ಮನಾಗಲಿಲ್ಲ. ಮನೆಯ ಕೊಡ, ತಕ್ಕಡಿ, ಛತ್ರಿಯ ಹಿಡಿ, ಎಲ್ಲದರ ಮೇಲೂ ಅದನ್ನೇ ಕೆತ್ತಿದ. ಸ್ಕೂಟರಿನ ಕಾರ್ಬೊರೇಟರನ್ನೂ ಬಿಡದೆ ಅದರ ತಳದಲ್ಲಿ ಮೊಳೆಯಿಂದ ಗೀಚಿಟ್ಟಿದ್ದ.

ಆರು ವರ್ಷದ ಹಿಂದೆ ಧರ್ಮರಾಜು ಜ್ವರ ಬಂದು ಮಲಗಿದ್ದಾಗ ಸ್ಕೂಟರು ಪಕ್ಕದ ಬೀದಿಯ ಅಂಜನಪ್ಪನ ಗ್ಯಾರೇಜಿಗೆ ಸರ್ವೀಸಿಗೆ ಹೋಯಿತು. ವಾಪಸು ಬಂದದ್ದೇ ಪೆಟ್ರೋಲ್ ಕುಡಿದು ಕುಡಿದು ಹೊಗೆ ಉಗುಳತೊಡಗಿತು. ಅನುಮಾನ ಬಂದು ಧರ್ಮರಾಜು ಕಾರ್ಬೊರೇಟರಿನ ತಳ ಸವರಿ ನೋಡಿದ. ನುಣ್ಣಗಿತ್ತು. ಗೀಟೂ ಇಲ್ಲ, ಚುಕ್ಕೆಯೂ ಇಲ್ಲ. ನೆಟ್ಟಗೆ ಗ್ಯಾರೇಜಿಗೆ ಹೋದ.

"ಅಂಜನಪ್ಪ, ನಮ್ಮಪ್ಪನ ಕಾರ್ಬೊರೇಟರ್ ಎಲ್ಲಿ?"

ಹತ್ತು ಜನ ಗಿರಾಕಿಗಳ ಮುಂದೆ ಅಂಜನಪ್ಪ ಸೊಂಟದ ಮೇಲೆ ಕೈಯಿಟ್ಟು ನಕ್ಕ. "ನೋಡ್ರಪ್ಪಾ, ಸೊಪ್ಪು ಮಾರೋನು ನಂಗೆ ಕಾರ್ಬೊರೇಟರ್ ಪಾಠ ಹೇಳಕ್ಕೆ ಬಂದವ್ನೆ! ಹೋಗ್ ಗುರು, ಹೋಗಿ ಕೊತ್ತಂಬರಿ ಮೇಲೆ ನೀರ್ ಚಿಮುಕ್ಸು, ಬಾಡೋಗ್ತದೆ."

ಹತ್ತು ಜನವೂ ನಕ್ಕರು. ಕದ್ದದ್ದನ್ನಾದರೂ ಧರ್ಮರಾಜು ಮರೆಯುತ್ತಿದ್ದನೇನೋ, ಆ ನಗುವನ್ನು ಮರೆಯಲಿಲ್ಲ. ಮನೆಗೆ ಬಂದವನೇ ಹೆಂಡತಿ ಸುಬ್ಬಲಕ್ಷ್ಮಮ್ಮನ ಮುಂದೆ ನಿಂತು ಗುಡುಗಿದ: "ಕದ್ದೆ ಅಂತ ಅವ್ನೇ ಬಾಯ್ಬಿಡ್ಬೇಕು, ಅದೇ ಗ್ಯಾರೇಜ್ ಮುಂದೆ, ಅಷ್ಟೇ ಜನದ್ ಎದುರಿಗೆ. ಅಲ್ಲೀವರ್ಗೂ ನನ್ ಗಾಡಿಗೆ ಕುಂಬಳಕಾಯಿ ಒಡೆಯಲ್ಲ. ಯಾವ ಮೆಕ್ಯಾನಿಕ್ ಕೈನೂ ಅದ್ರ ಮೇಲೆ ಬೀಳಕ್ಕೆ ಬಿಡಲ್ಲ."

"ಗಾಡಿ ಕೆಟ್ರೆ ಏನ್ರೀ ಮಾಡ್ತೀರ?"

"ನಾನೇ ಬಿಚ್ತೀನಿ."

ಬಿಚ್ಚಿದ, ಅದೇನೋ ನಿಜ. ಮತ್ತೆ ಕೂಡಿಸುವುದಕ್ಕೆ ಹದಿನೇಳು ದಿನ ಹಿಡಿಯಿತು. ಅಂಗಳದಲ್ಲಿ ಗೋಣಿಚೀಲ ಹಾಸಿ, ಬದನೆಕಾಯಿ ಗುಡ್ಡೆ ಹಾಕುವ ಹಾಗೆ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದ. ಸೀಮೆಎಣ್ಣೆಯಲ್ಲಿ ನೆನೆಸಲು ಸಾರಿನ ಪಾತ್ರೆ ಎತ್ತಿಕೊಂಡು ಬಂದು ಚೆನ್ನಾಗಿ ಬೈಸಿಕೊಂಡ. ಒಂದು ವಾರ ಮನೆಯ ಸಾರಿಗೆಲ್ಲ ಗ್ಯಾರೇಜಿನ ವಾಸನೆ. ಅಂಜನಪ್ಪ ತುರುಕಿದ್ದ ಆ ದರಿದ್ರ ಕಾರ್ಬೊರೇಟರನ್ನು ಎಷ್ಟು ಸಲ ಬಿಚ್ಚಿದನೋ ಲೆಕ್ಕವಿಲ್ಲ. ಅದರ ತೂತುಗಳಿಗೆ ವೈರಿನ ತಾಮ್ರದ ಎಳೆ ತೂರಿಸಿ ಊದಿದ, ಒಳಗಿನ ಸೂಜಿ ಬದಲಿಸಿದ, ತಿರುಪನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ ಕಿವಿಗೊಟ್ಟು ಕೇಳಿದ. ಒಂದೊಂದು ತಿರುಪಿಗೂ ಅಂಜನಪ್ಪನಿಗೆ ಒಂದೊಂದು ಬೈಗುಳ.

ಅಂಜನಪ್ಪನ ಮಗಳ ಮದುವೆ ಪತ್ರಿಕೆ ಬೀದಿಗೆಲ್ಲ ಹಂಚಿದಾಗ ಇವನ ಮನೆಗೂ ಒಂದು ಬಂತು. ಒಳ್ಳೇ ದಪ್ಪ ಕಾಗದ. ಮದುವೆಗೆ ಹೋಗಲಿಲ್ಲ, ಆದರೆ ಪತ್ರಿಕೆಯನ್ನು ಕತ್ತರಿಸಿ ಎಂಜಿನ್ನಿಗೂ ಕಾರ್ಬೊರೇಟರಿಗೂ ನಡುವೆ ಕೂರುವ ಗ್ಯಾಸ್ಕೆಟ್ ಮಾಡಿಕೊಂಡ. ಅಂಜನಪ್ಪನ ಹೆಸರು ಸರಿಯಾಗಿ ಎಂಜಿನ್ನಿನ ಬಿಸಿ ತಾಗುವ ಕಡೆಗೇ ಬರಲಿ ಎಂದು ಅಳತೆ ಮಾಡಿ ಕತ್ತರಿಸಿದ್ದ.

ಕೈ ಕುದುರಿದ ಮೇಲೆ ಇನ್ನೊಂದು ಯೋಚನೆ ಬಂತು. ಭಾನುವಾರ ಮಧ್ಯಾಹ್ನ ತರಕಾರಿ ಮುಗಿದ ಮೇಲೆ ಗ್ಯಾರೇಜಿನ ಎದುರಿನ ಹೊಂಗೆಮರದ ಕೆಳಗೆ ಗೋಣಿಚೀಲ ಹಾಸಿ ಕೂರತೊಡಗಿದ. ಹಳೇ ಸ್ಕೂಟರಿನವರು ಯಾರೇ ಬರಲಿ, ಪ್ಲಗ್ ಉಜ್ಜುವುದು ಹೇಗೆ, ಕ್ಲಚ್ ವೈರ್ ಹಾಕುವುದು ಹೇಗೆ ಎಂದು ಅವರ ಕೈಯಲ್ಲೇ ಮಾಡಿಸಿ ಕಳಿಸುತ್ತಿದ್ದ. ಎಂಥ ಉಪಕಾರಿ ಮನುಷ್ಯ ಎಂದು ಜನ ಹೊಗಳಿದರು. ಉಪಕಾರವಂತೆ! ಕಲಿತುಕೊಂಡು ಹೋದ ಒಬ್ಬೊಬ್ಬನೂ ಅಂಜನಪ್ಪನಿಗೆ ತಪ್ಪಿದ ಒಬ್ಬೊಬ್ಬ ಗಿರಾಕಿ. ಎದುರಿಗೆ ಅಂಜನಪ್ಪ ಖಾಲಿ ಸ್ಟೂಲಿನ ಮೇಲೆ ಕೂತು ಹಲ್ಲು ಕಡಿಯುವುದನ್ನು ನೋಡುವಾಗ ಧರ್ಮರಾಜುವಿನ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೂ ಬೇಕಾದ ಮಾತು ಮಾತ್ರ ಆ ಬಾಯಿಂದ ಬರಲಿಲ್ಲ.

ಈ ವರ್ಷ ಆಯುಧಪೂಜೆಯ ಹಿಂದಿನ ಸಂಜೆ ಚಾಮರಾಜಪೇಟೆಯ ಮಧುಸೂದನ್ ಎಂಬ ರಿಟೈರ್ಡ್ ಮೇಷ್ಟ್ರು ತಮ್ಮ ಸ್ಕೂಟರು ತಳ್ಳಿಕೊಂಡು ಬಂದರು. "ನಿಂತ್ರೆ ಆಫ್ ಆಗೋಗುತ್ತೆ ಧರ್ಮರಾಜು. ನಾಳೆ ಪೂಜೆಗಾದ್ರೂ ಸ್ಟಾರ್ಟ್ ಆಗ್ಲಿ."

ಧರ್ಮರಾಜು ಕಾರ್ಬೊರೇಟರ್ ಬಿಚ್ಚಿ, ಜಿಡ್ಡು ಒರೆಸಿ, ತಿರುಗಿಸಿದ. ಬೆರಳಿಗೆ ಮೂರು ಗೀಟು ತಗುಲಿದವು. ಆಮೇಲೆ ಒಂದು ಚುಕ್ಕೆ.

"ಇದ್ನ ಎಲ್ ಹಾಕ್ಸಿದ್ರಿ ಸಾರ್?"

"ಅಂಜನಪ್ಪನ ಹತ್ರ. ಐದಾರು ವರ್ಷ ಆಯ್ತು. ಒರಿಜಿನಲ್ ಪೀಸು ಅಂತ ಕೊಟ್ಟ."

ಧರ್ಮರಾಜು ಗುಜರಿಯಿಂದ ತಂದು ರಿಪೇರಿ ಮಾಡಿಟ್ಟಿದ್ದ ಇನ್ನೊಂದು ಕಾರ್ಬೊರೇಟರನ್ನು ಅವರಿಗೆ ಹಾಕಿಕೊಟ್ಟ. "ನಾಳೆ ಬೆಳಿಗ್ಗೆ ಗ್ಯಾರೇಜ್ ಪೂಜೆಗೆ ಬನ್ನಿ ಸಾರ್, ಕೆಲ್ಸ ಇದೆ," ಎಂದ.

ಮರುದಿನ ಗ್ಯಾರೇಜಿನಲ್ಲಿ ಸ್ಪ್ಯಾನರುಗಳಿಗೆಲ್ಲ ಕುಂಕುಮವಿಟ್ಟು, ಚೆಂಡುಹೂವು ಚೆಲ್ಲಿ, ಅಂಜನಪ್ಪ ಆರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿದ್ದ. ಬೀದಿಯ ಜನವೆಲ್ಲ ಇತ್ತು, ಮೇಷ್ಟ್ರೂ ಇದ್ದರು. ಧರ್ಮರಾಜು ವೀಳ್ಯದೆಲೆಯ ಮೇಲೆ ಕಾರ್ಬೊರೇಟರನ್ನು ತಳ ಮೇಲೆ ಮಾಡಿ ತಂದು ಸ್ಪ್ಯಾನರುಗಳ ನಡುವೆ ಇಟ್ಟ.

"ಮೇಷ್ಟ್ರು ಗಾಡೀಲಿ ಸಿಕ್ತು. ನೀನ್ ಹಾಕಿದ್ದಂತೆ. ನಮ್ಮಪ್ಪನ ಗುರುತು ಮೇಲೇ ಇದೆ. ಇದು ಧರ್ಮರಾಜುದಲ್ಲ ಅಂತ ಆ ಕರ್ಪೂರ ಅಂಗೈಯಲ್ಲಿ ಆರ್ಸಿ ಆಣೆ ಮಾಡು. ನಿನ್ ಕಾಲಿಗ್ ಬಿದ್ದು ಹೋಗ್ತೀನಿ."

ಅಂಜನಪ್ಪನ ಕೈ ತಟ್ಟೆಯ ಹತ್ತಿರ ಹೋಯಿತು. ಅನ್ನ ಕೊಡುವ ಸ್ಪ್ಯಾನರುಗಳ ಮುಂದೆ, ಅದೂ ಆಯುಧಪೂಜೆಯ ದಿನ, ಸುಳ್ಳು ಆಣೆ ಮಾಡುವಷ್ಟು ಗಟ್ಟಿ ಎದೆ ಅವನಿಗಿರಲಿಲ್ಲ. ಕೈ ಹಿಂದಕ್ಕೆ ಬಂತು. ಏನೋ ಗೊಣಗಿದ.

"ಕೇಳಿಸ್ಲಿಲ್ಲ," ಎಂದ ಧರ್ಮರಾಜು.

"ಕದ್ದೆ ಧರ್ಮರಾಜಣ್ಣ. ತಪ್ಪಾಯ್ತು."

ಅಂದಿನ 'ಗುರು' ಹೋಗಿ 'ಅಣ್ಣ' ಬಂದಿತ್ತು. ಆದರೆ ಯಾರೂ ನಗಲಿಲ್ಲ. ಆರು ವರ್ಷ ಕಾದದ್ದು ಆ ನಗುವಿಗೆ. ಜನ ನೋಡಿದರೆ ಚರಪಿನ ಕಡಲೆಪುರಿ ತೆಗೆದುಕೊಂಡು ತಲೆ ತಗ್ಗಿಸಿ ಸುಮ್ಮನೆ ಹೊರಟರು. ಧರ್ಮರಾಜುವಿಗೆ ಉರಿ ಆರಲೇ ಇಲ್ಲ.

ಮನೆಗೆ ಬಂದು ಅಪ್ಪನ ಕಾರ್ಬೊರೇಟರ್ ಕೂರಿಸಿದ. ಸ್ಕೂಟರು ಓರೆ ಮಾಡಿ ಒದ್ದ. ಹತ್ತು ಒದೆ, ಇಪ್ಪತ್ತು ಒದೆ. ಕೆಮ್ಮಿತು, ಸತ್ತಿತು. ಸವೆದು ಹೋದ ಪೀಸು, ಅದಕ್ಕೇ ಅಲ್ಲವೇ ಮೇಷ್ಟ್ರು ತಳ್ಳಿಕೊಂಡು ಬಂದದ್ದು? ಸಿಟ್ಟಿನಲ್ಲಿ ಅದು ತಲೆಗೇ ಹೋಗಿರಲಿಲ್ಲ.

"ಈಗ ಬಿಚ್ಚಿದ್ರಲ್ಲ, ಅದನ್ನೇ ವಾಪಸ್ ಹಾಕ್ರಿ," ಎಂದಳು ಸುಬ್ಬಲಕ್ಷ್ಮಮ್ಮ, ಕುಂಬಳಕಾಯಿಗೆ ಅರಿಶಿನ ಬಳಿಯುತ್ತ.

"ಅದು ಆ ಕಳ್ಳ ಕೊಟ್ಟಿದ್ ಕಣೇ!"

"ಅವ್ನ್ ಕೊಟ್ಟಾಗ ಹೊಗೆ ಉಗುಳ್ತಿತ್ತು. ನನ್ ಸಾರಿನ್ ಪಾತ್ರೆ ಹಾಳ್ ಮಾಡಿ ಅದ್ನ ಸರಿ ಮಾಡಿದ್ ಯಾರು? ಅವ್ನಾ?"

ಧರ್ಮರಾಜು ಆ ಕಾರ್ಬೊರೇಟರನ್ನು ಕೈಗೆತ್ತಿಕೊಂಡ. ಆಮೇಲೆ ಒಂದು ಮೊಳೆ ಹುಡುಕಿ, ಅದರ ನುಣ್ಣನೆಯ ತಳದಲ್ಲಿ ಮೂರು ಗೀಟು ಎಳೆದು ಒಂದು ಚುಕ್ಕೆ ಇಟ್ಟ. ಕೂರಿಸಿ ಒದ್ದರೆ ಮೊದಲ ಒದೆಗೇ ಎದ್ದಿತು. ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಆರು ವರ್ಷದ ಕುಂಬಳಕಾಯಿಯನ್ನು ಅವನು ಎತ್ತಿ ಹಾಕಿದ ರಭಸಕ್ಕೆ ಚೂರುಗಳು ಪಕ್ಕದ ಮನೆಯ ಗೇಟಿಗೆ ಸಿಡಿದವು.

ಅಪ್ಪನ ಕಾರ್ಬೊರೇಟರನ್ನು ದೇವರ ಮನೆಯಲ್ಲಿಡಿ ಎಂದಳು ಸುಬ್ಬಲಕ್ಷ್ಮಮ್ಮ. ಅವನು ಕೇಳಲಿಲ್ಲ. ತಂತಿ ಕಟ್ಟಿ, ನಿಂಬೆಹಣ್ಣು ಮೆಣಸಿನಕಾಯಿಯ ಜೊತೆಗೆ ತರಕಾರಿ ಗಾಡಿಯ ಮುಂದೆ ತೂಗುಹಾಕಿದ. ಅಂಜನಪ್ಪ ದಿನಾ ಗ್ಯಾರೇಜಿಗೆ ಹೋಗಬೇಕಾದರೆ ಆ ಮೂಲೆ ಹಾದೇ ಹೋಗಬೇಕು.

"ಇದೇನಣ್ಣ, ಇಲ್ಲಿ ನೇತಾಕಿದೀಯ?" ಎಂದು ಗಿರಾಕಿಗಳು ಕೇಳುತ್ತಾರೆ. ಧರ್ಮರಾಜು ಕೊತ್ತಂಬರಿ ಮೇಲೆ ನೀರು ಚಿಮುಕಿಸುತ್ತ, ಅಂಜನಪ್ಪ ಹತ್ತಿರ ಬರುವವರೆಗೂ ಕಾಯುತ್ತಾನೆ.

"ದೃಷ್ಟಿಗೆ," ಎನ್ನುತ್ತಾನೆ ಆಗ, ಗಟ್ಟಿಯಾಗಿ. "ಕಳ್ಳರ ಕಣ್ಣು ಬೀಳ್ದೇ ಇರ್ಲಿ ಅಂತ."

ಗಿರಾಕಿಗಳು ನಗುತ್ತಾರೆ.