ಸಾಕತ್ತೆಯ ಸೆರಗು ಬಲಕ್ಕೆ ಬಂದದ್ದು

ಮೊನ್ನೆ ಭಾನುವಾರ ಬೆಳಿಗ್ಗೆ ಹುಣಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟೆ. ಒಂದು ವರ್ಷದ ಕೆಲಸ ಕಣ್ರೀ! ಕೆತ್ತಿದ ಹಲಗೆಗೆ ಮಸಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ, ಉಸಿರು ಬಿಗಿಹಿಡಿದು ಎತ್ತಿ ನೋಡಿದರೆ ಚಿತ್ರದಲ್ಲಿ ಸಾಕತ್ತೆಯ ಸೆರಗು ಎಡ ಹೆಗಲು ಬಿಟ್ಟು ಬಲ ಹೆಗಲ ಮೇಲಿತ್ತು.

ನನ್ನ ತಮ್ಮ ಬಗ್ಗಿ ನೋಡಿದ. "ಅಕ್ಕಾ, ಅತ್ತೇನ ಯಾವಾಗ ಕೊಡಗಿಗೆ ಮದ್ವೆ ಮಾಡಿ ಕಳ್ಸುದೆ?" ಎಂದ. (ಕೊಡಗಿನ ಹೆಂಗಸರು ಸೆರಗನ್ನು ಬಲ ಹೆಗಲಿಗೆ ತರುತ್ತಾರಲ್ಲ, ಅದಕ್ಕೆ.) ಕೈಲಿದ್ದ ಚಮಚವನ್ನು ಅವನ ಮೇಲೆ ಎಸೆದೆ.

ನಾನು ಮರ ಕೆತ್ತಿ ಚಿತ್ರ ಅಚ್ಚು ಹಾಕುವವಳೆಂದು ನಿಮಗೆ ಗೊತ್ತೇ ಇದೆ. ಹಲಗೆಯಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ಇದು ಈ ಕಸುಬಿನ ಅಆಇಈ. ಆದರೆ ಇಷ್ಟು ದಿನ ನಾನು ಕೆತ್ತಿದ್ದು ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆ, ಹುಣಸೆಮರ, ಎಮ್ಮೆ. ಎಮ್ಮೆ ಯಾವ ಕಡೆ ಮುಖ ಮಾಡಿದೆ ಅಂತ ಯಾರು ಕೇಳುತ್ತಾರೆ? ಎಮ್ಮೆಯಂತೂ ಕೇಳುವುದಿಲ್ಲ.

ಮನುಷ್ಯರ ಮುಖಕ್ಕೆ ಕೈ ಹಾಕಿದ್ದು ಇದೇ ಮೊದಲು. ಹುಮ್ಮಸ್ಸಿನಲ್ಲಿ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, ಸಾಮಿಲ್ಲಿನಿಂದ ತಂದ ಹಲಸಿನ ಹಲಗೆಯ ಮೇಲೆ ನೇರವಾಗಿ ಬರೆದುಬಿಟ್ಟಿದ್ದೆ. ತಿರುಗಿಸಿ ಬರೆಯಬೇಕೆಂಬುದು ಮರೆತೇಹೋಗಿತ್ತು! ನಡುವೆ ಒಂದು ಟ್ರಯಲ್ ತೆಗೆದಿದ್ದರೆ ಗೊತ್ತಾಗುತ್ತಿತ್ತು. ಪೂರ್ತಿ ಆಗುವವರೆಗೆ ಅತ್ತೆಗೂ ತೋರಿಸೋಲ್ಲ, ನಾನೂ ನೋಡೋಲ್ಲ ಅನ್ನುವ ಹಟ. ಈಗ? ಕೆತ್ತಿದ ಮರವನ್ನು ಮತ್ತೆ ಅಂಟಿಸಲು ಆಗುತ್ತದೆಯೇ?

ಸಾಕತ್ತೆ ಅಂದರೆ ಅಪ್ಪನ ಅಕ್ಕ, ಹಂಪಾಪುರದವಳು. ತನ್ನ ಯಾವ ಫೋಟೋ ತೋರಿಸಿದರೂ "ಇದು ನಾನಲ್ಲ ಬುಡು" ಅನ್ನುತ್ತಾಳೆ. ಆಧಾರ್ ಕಾರ್ಡಿನಲ್ಲಿರುವುದೂ ಅವಳಲ್ಲ, ಮಗಳ ಮದುವೆ ಆಲ್ಬಮ್ಮಿನಲ್ಲಿರುವುದೂ ಅವಳಲ್ಲ. (ಗ್ರೂಪ್ ಫೋಟೋ ಬಂದ ಕೂಡಲೇ ಝೂಮ್ ಮಾಡಿ 'ಛೀ, ನಾನು ಹೀಗಿದ್ದೀನಾ?' ಅನ್ನುವ ನಾವೇನು ಕಮ್ಮಿಯೇ?) ಕೂರಲು ಒಪ್ಪುವಾಗಲೇ ಷರತ್ತು ಹಾಕಿದ್ದಳು. "ನೋಡವ್ವ, ಅದು ನಾನು ಅಂತ ನಂಗ್ ಅನ್ನುಸ್ಬೇಕು. ಇಲ್ದಿದ್ರೆ ಯಾರ್ಗೂ ತೋರುಸ್ಕೂಡ್ದು."

ಹೂಂ ಅಂದಿದ್ದೆ. ವರ್ಷವಿಡೀ ಬೇರೆ ಕೆಲಸ ಮುಟ್ಟಲಿಲ್ಲ. ಹಣೆಯ ಗೆರೆ, ಕೆನ್ನೆಯ ಮಚ್ಚೆ, ಬೈತಲೆ. ಹೆಬ್ಬೆರಳು ಊದಿಕೊಂಡಿತು. ಒಮ್ಮೆ ಉಳಿ ಜಾರಿ ಅಂಗೈಗೆ ಹೊಲಿಗೆ ಬಿತ್ತು. ಮೈಸೂರಿನ ಪ್ರದರ್ಶನದಲ್ಲಿ ಒಂದು ಗೋಡೆ ಪೂರ್ತಿ ಇದಕ್ಕೇ ಇರಲಿ ಅಂತ ಹೇಳಿಯೂ ಇಟ್ಟಿದ್ದೆ. ಅತ್ತೆ ಬೇಡ ಅಂದರೆ ಆ ಗೋಡೆ ಖಾಲಿ, ನನ್ನ ವರ್ಷವೂ ಖಾಲಿ.

ಮುಚ್ಚಿಡೋಣ ಅನ್ನುವಷ್ಟರಲ್ಲಿ ಅವಳು ಬಸ್ಸಿಳಿದು ಬಂದೇಬಿಟ್ಟಳು. ಚಪ್ಪಲಿ ಬಿಟ್ಟವಳೇ "ಎಲ್ಲವ್ವ ಅದು?" ಅಂದಳು.

"ಅತ್ತೆ, ಸೆರಗು ಒಂಚೂರು..." ಎಂದು ನಾನು ಶುರುಮಾಡಿದೆ.

"ಸುಮ್ಕಿರು ಕಣೆ."

ನೋಡಿದಳು. ಹತ್ತಿರ ಹೋದಳು. ಕಾಗದದ ಮುಂದೆ ನಿಂತು ತನ್ನ ಸೆರಗು ಸರಿಮಾಡಿಕೊಂಡಳು, ಮುಂಗೂದಲು ಹಿಂದಕ್ಕೆ ತಳ್ಳಿಕೊಂಡಳು.

"ಇದು ನಾನೇ ಕಣವ್ವ," ಎಂದಳು. "ದಿನಾ ಬೆಳಿಗ್ಗೆ ಕನ್ನಡೀಲಿ ಕಾಣೋಳು ಇವ್ಳೇಯ. ಮಚ್ಚೆನೂ ಅದೇ ಕಡೀಕೈತೆ, ಸೆರಗೂ ಅದೇ ಕಡೀಕೈತೆ. ಈ ಪೋಟೋದೋರೆಲ್ಲ ಉಲ್ಟಾ ಮಾಡ್ಬುಟ್ಟಿದ್ರು."

ಅಯ್ಯೋ ಶಿವನೇ! ಹೌದಲ್ಲ? ಅವಳು ತನ್ನ ಮುಖವನ್ನು ದಿನವೂ ನೋಡಿಕೊಂಡಿರುವುದು ಕನ್ನಡಿಯಲ್ಲಿ ಮಾತ್ರ. ಕನ್ನಡಿಯೂ ಉಲ್ಟಾ, ನನ್ನ ಅಚ್ಚೂ ಉಲ್ಟಾ. ನಮಗೆಲ್ಲ ತಪ್ಪಾಗಿ ಕಂಡದ್ದು ಅವಳೊಬ್ಬಳಿಗೆ ಸರಿ. ಹೋದ ಜೀವ ಬಂತು ನೋಡಿ! ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಎಲ್ಲರಿಗೂ ಕಾಫಿ ಮಾಡಿದೆ, ತಮ್ಮನಿಗೂ.

ಒಂದು ವರ್ಷ ಅವಳನ್ನು ಎದುರಿಗೆ ಕೂರಿಸಿಕೊಂಡಿದ್ದೆ. ನಿನಗೆ ನೀನು ಹೇಗೆ ಕಾಣುತ್ತೀಯ ಅಂತ ಒಂದು ದಿನವಾದರೂ ಕೇಳಿದ್ದೆನೇ? ಇಲ್ಲ. ಸದ್ಯ, ನನ್ನ ಮರೆವೇ ನನ್ನ ಕೈ ಹಿಡಿಯಿತು.

ಹೊರಡುವ ಮುಂಚೆ ತಮ್ಮ ಅವಳನ್ನು ಆ ಚಿತ್ರದ ಪಕ್ಕ ನಿಲ್ಲಿಸಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದ. ಅತ್ತೆ ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು.

"ಪಟದಲ್ಲಿರೋಳು ನಾನು, ಸರಿ. ಪಕ್ದಲ್ ನಿಂತವ್ಳಲ್ಲ, ಇವ್ಳ್ಯಾರವ್ವ?"