ಕೋಟೆ ನಿನಗ್ಯಾಕೆ ಬೇಕು

ಹೈಸ್ಕೂಲಿನ ಮುಖ್ಯೋಪಾಧ್ಯಾಯರು ವರ್ಗವಾಗಿ ಹೋದರೆ ಹೊಸಬರು ಬರುವವರೆಗೆ ಪ್ರಭಾರ ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ಆಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕಿಟಕಿಯ ಕಡೆ ನೋಡುತ್ತಾರೆ. ಪ್ರಭಾರಕ್ಕೆ ಸಂಬಳ ಹೆಚ್ಚಾಗುವುದಿಲ್ಲ, ಪಾಠ ಕಡಿಮೆಯಾಗುವುದಿಲ್ಲ. ಬಿಸಿಯೂಟದ ಮೊಟ್ಟೆ ಒಡೆದರೂ ಉತ್ತರ ಕೊಡಬೇಕು, ಗಾಳಿಗೆ ಹಂಚು ಹಾರಿದರೂ ಉತ್ತರ ಕೊಡಬೇಕು. ಆನ್‌ಲೈನ್ ಮಾಹಿತಿ ತುಂಬಲು ಮೊಬೈಲ್ ಹಿಡಿದು ಶಾಲೆಯ ಹಿಂದಿನ ಗುಡ್ಡ ಹತ್ತಬೇಕು, ಕೆಳಗೆ ನೆಟ್‌ವರ್ಕ್ ಇಲ್ಲ. ರಿಪ್ಪನ್‌ಪೇಟೆಯಿಂದ ಬಸ್ಸಿನಲ್ಲಿ ಬಂದು ಮತ್ತೆ ಒಳಗೆ ನಡೆಯಬೇಕಾದ ನಮ್ಮ ಶಾಲೆಯಲ್ಲಿ, ಈ ಸಲ ಪ್ರಭಾರ ಬೇಕು ಎಂದವಳು ನಾನೊಬ್ಬಳೇ.

ನಿಯಮದ ಪ್ರಕಾರ ಅದು ನನಗೆ ಬರುವುದಲ್ಲ. ನನಗಿಂತ ಹಿರಿಯಳು ವಿಜ್ಞಾನದ ಟೀಚರ್. ಸಾಗರದ ಕಡೆಯ ಅಡಿಕೆ ತೋಟದ ಮನೆಯವಳು, ನನ್ನ ಗೆಳತಿ. ಅವಳು ಬೇಡವೆಂದು ಬರೆದುಕೊಟ್ಟರೆ ಮಾತ್ರ ನನ್ನ ಸರದಿ. ಹಿಂದೆಲ್ಲ ಕೇಳುವ ಮೊದಲೇ ಬರೆದುಕೊಡುತ್ತಿದ್ದಳು. ನಾನೂ ಬೇಡವೆನ್ನುತ್ತಿದ್ದೆ, ಗಣಿತದ ಮೇಷ್ಟ್ರ ತಲೆಗೆ ಕಟ್ಟುತ್ತಿದ್ದೆವು. ಈ ಸಲ ಊಟದ ಹೊತ್ತಿಗೆ ನಾನು ಬಾಯಿಬಿಟ್ಟು ಕೇಳಿದೆ. ಅವಳು ಮಜ್ಜಿಗೆಯ ಡಬ್ಬಿ ಕೆಳಗಿಟ್ಟಳು.

“ನಿಂಗೆಂತ ಹುಚ್ಚನೇ? ಆ ಕುರ್ಚಿಲಿ ಎಂತ ಇದ್ದು?”

“ಏನೂ ಇಲ್ಲ. ಬೇಕು, ಅಷ್ಟೆ.”

“ಅಷ್ಟೆ ಅಂದ್ರೆ ಆಗ್ತಿಲ್ಲೆ. ಎಂತಕ್ಕೆ ಬೇಕು ಹೇಳು, ಸೋಮವಾರ ನಾ ಬರೆದು ಕೊಡ್ತಿ.”

ಬೇರೆಯವರ ಹತ್ತಿರ ಅವಳದು ಶಾಲೆಯ ಕನ್ನಡ. ನನ್ನ ಹತ್ತಿರ ಮಾತ್ರ, ಅದೂ ಮನಸ್ಸಿನ ಮಾತಾದರೆ, ಹವ್ಯಕರ ಮನೆಮಾತು ಹೊರಬೀಳುತ್ತದೆ. ಹಾಗಾಗಿ ಅವಳು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಯಿತು. ದಿನಕ್ಕೆ ಐದು ಪೀರಿಯಡ್ ಮಾತಾಡುವ ನಾನು ಊಟದ ಡಬ್ಬಿ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಆ ಶನಿವಾರ ಮಗಳು ಸಾಗರದ ಹಾಸ್ಟೆಲಿನಿಂದ ಬಂದಿದ್ದಳು. ಬಂದವಳು ಬಟ್ಟೆ ಒಗೆಯಲು ಹಾಕಿ, ಬೋರಲು ಮಲಗಿ ಲ್ಯಾಪ್‌ಟಾಪಿನಲ್ಲಿ ಆಟ ಶುರುಮಾಡಿದಳು. ಅದು ಮೂರು ಭಾಗಗಳ ಆಟ. ಮೊದಲೆರಡನ್ನು ಮುಗಿಸಿ ಮೂರನೆಯದರ ಕೊನೆಗೆ ಬಂದಿದ್ದಳು. ಪರದೆಯ ಮೇಲೆ ಒಬ್ಬ ಗಂಡಸು ಸುಟ್ಟ ಊರಿನ ನಡುವೆ ನಡೆಯುತ್ತಿದ್ದ.

“ಯಾರೇ ಇವನು? ಒಳ್ಳೆಯವನಾ, ಕೆಟ್ಟವನಾ?”

“ಅದೇ ಜಗಳ ಅಮ್ಮ. ಆಡೋರೆಲ್ಲ ಅದಕ್ಕೇ ಹೊಡ್ದಾಡ್ತಿದಾರೆ.”

ಅವನು ದೋಣಿ ದಾಟಿಸುವವನ ಮಗನಂತೆ. ಮೊದಲ ಭಾಗದಲ್ಲಿ ದೊರೆಯ ಕೋಟೆ ಒಡೆದು ಜನರನ್ನು ಬಿಡಿಸುತ್ತಾನೆ. ಎರಡನೆಯದರಲ್ಲಿ ತಾನೇ ದೊರೆಯಾಗಿ, ಜೊತೆಗೆ ಹೋರಾಡಿದವರನ್ನೇ ಕತ್ತಲೆ ಕೋಣೆಗೆ ಹಾಕುತ್ತಾನೆ. ಮೂರನೆಯದರಲ್ಲಿ ಗೆಲ್ಲಲು ಏನೂ ಉಳಿದಿಲ್ಲ. ಆದರೂ ಯಾರೂ ಇಲ್ಲದ ಬೋಳು ಶಿಖರದ ಕೋಟೆಯೊಂದಕ್ಕೆ ಹೊರಟಿದ್ದಾನೆ. ಪ್ರತಿ ಕೋಟೆಯ ಬಾಗಿಲಲ್ಲೂ ಅದೇ ಮುದುಕಿ ಕೂತಿರುತ್ತಾಳೆ. “ಇದು ನಿನಗ್ಯಾಕೆ ಬೇಕು?” ಎಂದು ಕೇಳುತ್ತಾಳೆ. ಆಡುವವರು ನಾಲ್ಕರಲ್ಲಿ ಒಂದು ಉತ್ತರ ಒತ್ತಬೇಕು. ಜನರಿಗಾಗಿ. ಸತ್ತ ಅಪ್ಪನಿಗಾಗಿ. ನಾನಲ್ಲದಿದ್ದರೆ ಇನ್ನೂ ಕೆಟ್ಟವನು ಬರುತ್ತಾನೆ. ನಾಲ್ಕನೆಯದು ಬರೀ ಚುಕ್ಕೆಗಳು, ಮಾತಿಲ್ಲ.

“ಪಾಪ, ಹೊರಗೆ ನಿಂತು ಬೆಳೆದವ್ನು,” ಎಂದೆ. “ಒಳಗೆ ಹೋಗ್ಬೇಕು ಅನ್ಸಲ್ವಾ?”

“ಎರಡನೇ ಭಾಗದಲ್ಲಿ ಒಳಗೇ ಇದ್ನಲ್ಲ. ಆಮೇಲೂ ಯಾಕೆ ಬೇಕು? ನೀನು ನಿನ್ ಕತೆ ಹೇಳ್ಬೇಡ ಅಮ್ಮ, ಅವನ್ದು ಹೇಳು.”

ನನಗೆ ಚುರುಕ್ಕೆಂದಿತು. ನನ್ನ ಕತೆ ಅವಳಿಗೆ ಬಾಯಿಪಾಠ. ಅರಳಸುರಳಿ ಎಂಬ ಹಳ್ಳಿಯಲ್ಲಿ ನಮ್ಮದು ಗೇಣಿಯ ಮನೆ. ಅಪ್ಪನ ಕಾಲಕ್ಕೆ ಗದ್ದೆ ಸ್ವಂತದ್ದಾಯಿತು. ನನ್ನನ್ನು ಹೈಸ್ಕೂಲಿಗೆ ಸೇರಿಸಲು ಬಂದ ಅಪ್ಪ, ಹೆಡ್‌ಮಾಸ್ಟರ ಬಾಗಿಲ ಹೊರಗೆ ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು ನಿಂತಿದ್ದರು. ಒಳಗೆ ಫ್ಯಾನು ತಿರುಗುತ್ತಿತ್ತು. ಆಮೇಲೆ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಓಡಾಡಿ ಡಿಗ್ರಿ ಮುಗಿಸಿದೆ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಮುಗಿಸಿರಲಿಲ್ಲ, ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ಗೆಳತಿಗೆ ಈ ಟವೆಲ್ಲಿನ ಕಾರಣವನ್ನೇ ಹೇಳುವುದೆಂದುಕೊಂಡಿದ್ದೆ.

ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ನಾನು ಅಂಥ ಕೋಣೆಯೊಳಗೆ ಹೋಗಿ, ಮೇಜಿನ ಈಚೆಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿದಿದ್ದೆ. ಅಪ್ಪ ಅದನ್ನು ಕೇಳಿಸಿಕೊಂಡು ಊರೆಲ್ಲ ಹೇಳಿಕೊಂಡು ಬಂದಿದ್ದರು. ಅದೇ ಕಾರಣವಾಗಿದ್ದರೆ ಆಸೆ ಅಲ್ಲಿಗೇ ಮುಗಿಯಬೇಕಿತ್ತಲ್ಲ? ಶಾಲೆಗೆ ಒಳ್ಳೆಯದಾಗಲಿ ಎಂದೋ? ಹಂಚು ಹೊದಿಸಲು ಪ್ರಭಾರವೇ ಬೇಕಿಲ್ಲ. ಗಣಿತದ ಮೇಷ್ಟ್ರಿಗೆ ಬಿಟ್ಟರೆ ಬಾಗಿಲು ಮುಚ್ಚಿಕೊಂಡು ಕೂರುತ್ತಾರೆ ಎಂಬುದು ನಿಜ. ಆದರೆ ಅದು ಹೊಳೆದದ್ದು ಆಸೆ ಹುಟ್ಟಿದ ಮೇಲೆ.

“ಕೊನೇ ಬಾಗ್ಲು. ನೀನೇ ಒತ್ತು,” ಎಂದು ಮಗಳು ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದಳು. ನಾನು ಕನ್ನಡಕ ಹಾಕಿಕೊಂಡು ನಾಲ್ಕನ್ನೂ ಮತ್ತೆ ಓದಿದೆ.

“ಅಮ್ಮ, ಪರೀಕ್ಷೆ ಅಲ್ಲ ಮಾರಾಯ್ತಿ! ಯಾವ್ದು ಒತ್ತಿದ್ರೂ ಬಾಗ್ಲು ತೆಗೀತದೆ.”

“ಮತ್ತೆ ಮುದುಕಿ ಕೇಳೋದ್ಯಾಕೆ?”

“ಅದು ಗೊತ್ತಿದ್ರೆ ಇಷ್ಟು ಜಗಳ ಯಾಕಾಗ್ತಿತ್ತು?”

ಚುಕ್ಕೆಗಳನ್ನು ಒತ್ತಿದೆ. ಮುದುಕಿ ಪಕ್ಕಕ್ಕೆ ಸರಿದಳು, ಬಾಗಿಲು ತೆರೆಯಿತು. ಆಚೆ ಕಲ್ಲು, ಗಾಳಿ, ಅಷ್ಟೆ. ನನಗೆ ಮೋಸವಾದಂತೆನಿಸಿತು. ಅವನು ಮಾತ್ರ ಅಲ್ಲಿ ನೆಮ್ಮದಿಯಾಗಿ ನಿಂತಿದ್ದ, ಅಥವಾ ಹಾಗೆ ಕಂಡಿತು; ಬೆನ್ನು ಮಾತ್ರ ಕಾಣುತ್ತಿತ್ತು.

ಸೋಮವಾರ ಸ್ಟಾಫ್ ರೂಮಿನಲ್ಲಿ ಗೆಳತಿ ಬಿಳಿ ಹಾಳೆ ಮುಂದಿಟ್ಟುಕೊಂಡು ಪೆನ್ನು ತೆರೆದು ಕೂತಿದ್ದಳು. ಅಪ್ಪನ ಟವೆಲ್ಲಿನ ಕತೆ ಹೇಳಿದೆ.

“ಅದು ನಿನ್ ಬೀಳ್ಕೊಡುಗೆ ಭಾಷಣಕ್ಕೆ ಇಟ್ಕ. ಮುಂದೆ?”

ಹಂಚಿನ ವಿಷಯ ಹೇಳಿದೆ. ಅವಳು ಆಕಳಿಸಿದಳು. ಗಣಿತದ ಮೇಷ್ಟ್ರ ಹೆಸರೆತ್ತಿದ ಕೂಡಲೇ ಕೈ ಅಡ್ಡ ಹಿಡಿದಳು.

“ಗೊತ್ತಿಲ್ಲ ಮಾರಾಯ್ತಿ,” ಎಂದೆ ಕೊನೆಗೆ. “ಬೆಳಿಗ್ಗೆ ಎದ್ದ ಕೂಡ್ಲೆ ಅದೇ ನೆನಪಾಗ್ತದೆ. ಯಾಕೆ ಅಂತ ಗೊತ್ತಿಲ್ಲ.”

ಈಗ ಬರೆಯುತ್ತಾಳೆ ಎಂದುಕೊಂಡೆ. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

“ಒಂದು ಹೇಳ್ಲಾ? ನೀ ಬೇಕು ಹೇಳಿದ ಮೇಲೆ ಎಂಗೂ ಬೇಕು ಅನ್ಸ್ತಾ ಇದ್ದು.”

“ನಿಂಗ್ಯಾಕೇ?”

“ಅದೇ ಗೊತ್ತಾಗ್ತಾ ಇಲ್ಲೆ!”

ಅವಳ ಮುಖದಲ್ಲಿ ನಾಚಿಕೆಯಿತ್ತು, ಆದರೆ ಹಾಳೆ ಖಾಲಿಯೇ ಉಳಿಯಿತು. ಮಧ್ಯಾಹ್ನ ಪ್ರಭಾರ ವಹಿಸಿಕೊಂಡಳು. ನಾನು ಎಂಟನೇ ಕ್ಲಾಸಿಗೆ ಹೋಗಿ ಯಾವ ಪಾಠ ಮಾಡಿದೆನೋ ನೆನಪಿಲ್ಲ.

ಮರುದಿನ ರಜೆಗೆ ಸಹಿ ಹಾಕಿಸಿಕೊಳ್ಳಲು ಹೋದೆ. ಬಾಗಿಲಲ್ಲಿ ಕಾಲು ತಾನಾಗಿಯೇ ನಿಂತಿತು.

“ಎಂತಕ್ಕೆ ನಿಂತ್ಕಂಡಿದ್ದೆ? ಬಾ ಒಳಗೆ. ಈ ಸುಡುಗಾಡು ಪೋರ್ಟಲ್ ತೆಗೀತಾ ಇಲ್ಲೆ.”

ಇಬ್ಬರೂ ಗುಡ್ಡ ಹತ್ತಿದೆವು. ಮೇಲೆ ಬೋಳು, ಬರೀ ಗಾಳಿ. ಕೆಳಗೆ ಶಾಲೆಯ ಹಂಚು, ಬಿಸಿಯೂಟದ ಹೊಗೆ. ಅವಳು ಸೆರಗು ಸಿಕ್ಕಿಸಿಕೊಂಡು ಮೊಬೈಲನ್ನು ಮೇಲೆತ್ತಿ ಹಿಡಿದಳು.

“ಕುರ್ಚಿ ಹೇಗಿದೆ?” ಎಂದೆ.

“ಎಂತದೂ ಇಲ್ಲೆ. ಬೆನ್ನು ನೋವು.”

“ಹಾಗಾದ್ರೆ ಕೊಡು.”

“ಕೊಡ್ತ್ನಿಲ್ಲೆ,” ಎಂದು ನನ್ನ ಕಡೆ ನೋಡದೆಯೇ ಹೇಳಿದಳು.

ಈಗಲೂ ವಾರಕ್ಕೊಮ್ಮೆಯಾದರೂ ಗುಡ್ಡ ಹತ್ತುತ್ತೇವೆ. ಪ್ರತಿ ಸಲ ನಾನು ಕೇಳುತ್ತೇನೆ, ಅವಳು ಕೊಡುವುದಿಲ್ಲ. ಯಾಕೆಂದು ಮಾತ್ರ ಇಬ್ಬರೂ ಕೇಳುವುದನ್ನು ಬಿಟ್ಟಿದ್ದೇವೆ.